ಅತ್ತಿಗೆಯ ಅಂಗಡಿ ಕಾರ್ಡು

ಆ ಫೋನು ಮೊದಲ ಸಲ ಬಂದಾಗ ಎತ್ತಿಕೊಂಡವಳು ಅವ್ವ. ಮೇ ತಿಂಗಳ ಮಧ್ಯಾಹ್ನ. ಊಟ ಮುಗಿಸಿ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳಂತೆ. ಆ ಕಡೆಯಿಂದ ಒಬ್ಬ ಗಂಡಸು ಅತ್ತಿಗೆಯ ಹೆಸರನ್ನು ಇನಿಷಿಯಲ್ ಸಮೇತ ಹೇಳಿ, ಅವರು ಮನೆಯಲ್ಲಿದ್ದಾರಾ ಎಂದು ಕೇಳಿದ. ಯಾರು, ಏನು ವಿಷಯ ಎಂದದ್ದಕ್ಕೆ, ಅದನ್ನು ಅವರ ಹತ್ತಿರವೇ ಮಾತಾಡಬೇಕು, ಬೇರೆಯವರಿಗೆ ಹೇಳುವ ಹಾಗಿಲ್ಲ ಅಂದ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವ್ವ ಅವಳನ್ನು ಕರೆಯಲಿಲ್ಲ. ಇಲ್ಲ ಎಂದು ಹೇಳಿ ಫೋನಿಟ್ಟಳು.

ಸಂಜೆ ನಾನು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅವ್ವ ಹಿಂದೆಯೇ ಬಂದು ನಿಂತು, ದನಿ ತಗ್ಗಿಸಿ ಹೇಳಿದಳು. "ಯಾವನೋ ಒಬ್ಬ ಇವಳ್ನ ಕೇಳ್ಕಂಡು ಫೋನ್ ಮಾಡವ್ನೆ. ಇವಳತ್ರಾನೇ ಮಾತಾಡ್ಬೇಕಂತೆ. ನಂಗ್ಯಾಕೋ ಸರಿ ಕಾಣ್ತಿಲ್ಲ ಕಣವ್ವ."

ಸ್ಕೂಲಿನ ಕಡೆಯವರು ಇರಬಹುದು ಎಂದೆ. ರಜದಲ್ಲಿ ಯಾವ ಸ್ಕೂಲು ಅಂದಳು. ನಿಜ ಹೇಳಬೇಕೆಂದರೆ ನನಗೆ ಆ ಹೊತ್ತಿನಲ್ಲಿ ಕಾರ್ಡಿನ ನೆನಪೇ ಬರಲಿಲ್ಲ, ಅದನ್ನು ಮಾಡಿಸಿಕೊಟ್ಟವಳು ನಾನೇ ಆಗಿದ್ದರೂ.

ನಮ್ಮದು ಕಾಡುಗೋಡಿಯ ಆಚೆಗಿನ ಊರು. ಅಪ್ಪ ತೀರಿಕೊಳ್ಳುವ ಮೊದಲೇ ಅರ್ಧ ಹೊಲ ಲೇಔಟಿಗೆ ಹೋಗಿತ್ತು. ಉಳಿದ ಜಾಗದಲ್ಲಿ ಅಣ್ಣ ಸಾಲಾಗಿ ಆರು ಶೀಟಿನ ಮನೆ ಕಟ್ಟಿಸಿ ಕಂಪನಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದ. ಒಂದು ನೀರಿನ ಟ್ಯಾಂಕರ್ ಇಟ್ಟುಕೊಂಡು ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯುತ್ತಿದ್ದ. ಅತ್ತಿಗೆ ಹೋಪ್ ಫಾರ್ಮ್ ಕಡೆಯ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಟೀಚರು. ಸಂಬಳ ಬಂದ ದಿನ ಕವರನ್ನು ಹಾಗೆಯೇ ತಂದು ಅಣ್ಣನ ಕೈಗೆ ಕೊಡುತ್ತಿದ್ದಳು. ಬಾಡಿಗೆ ಮನೆಗಳ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದ ದುಡ್ಡು ಮಾತ್ರ ಅವಳದು. ಅದು ತಿಂಗಳಿಗೆ ಸಾವಿರದ ಆಸುಪಾಸು.

ನಾನು ಎರಡು ಸಾವಿರದ ಏಳರಲ್ಲಿ ವೈಟ್‌ಫೀಲ್ಡಿನ ಒಂದು ದೊಡ್ಡ ಬಟ್ಟೆ-ಗೃಹೋಪಯೋಗಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಂಗಡಿಯವರ ಕೆಲಸವಲ್ಲ, ಒಂದು ಏಜೆನ್ಸಿಯ ಕೆಲಸ. ಎಸ್ಕಲೇಟರ್ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಅಂಗಡಿಯ ಹೆಸರಿನ ಕ್ರೆಡಿಟ್ ಕಾರ್ಡಿನ ದೊಡ್ಡ ಚಿತ್ರ. ಬಿಲ್ಲಿಂಗಿಗೆ ಹೋಗುವವರನ್ನು ತಡೆದು ನಿಲ್ಲಿಸಿ ಫಾರಂ ತುಂಬಿಸುವುದು ನನ್ನ ಕೆಲಸ. ದಿನಕ್ಕೆ ಆರು ಫಾರಂ ಆಗಲೇಬೇಕು. ಐದಾದರೆ ಟೀಮ್ ಲೀಡರ್ ಸಂಜೆ ಎಲ್ಲರ ಎದುರು ನಿಲ್ಲಿಸಿ ಕೇಳುತ್ತಿದ್ದ. ಸೇರುವಾಗ ಎರಡು ದಿನ ಟ್ರೈನಿಂಗ್ ಕೊಟ್ಟಿದ್ದರು. ಹೇಗೆ ನಗಬೇಕು, ಬೇಡ ಎಂದವರನ್ನು ಹೇಗೆ ಮತ್ತೆ ಮಾತಿಗೆಳೆಯಬೇಕು, ಯಾವ ಮಾತು ಮೊದಲು ಆಡಬೇಕು, ಎಲ್ಲ ಹೇಳಿಕೊಟ್ಟರು. ಮೊದಲ ಖರೀದಿಗೆ ಹತ್ತು ಪರ್ಸೆಂಟ್ ಕಡಿತ, ಮೊದಲ ವರ್ಷ ಫೀಸಿಲ್ಲ, ಐವತ್ತು ದಿನದವರೆಗೆ ಬಡ್ಡಿಯಿಲ್ಲ. ಐವತ್ತೊಂದನೇ ದಿನ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾರಾದರೂ ಕೇಳಿದರೆ ಶೆಟ್ಟರ ಅಂಗಡಿಯಲ್ಲಿ ಪುಸ್ತಕ ಇಟ್ಟು ಸಾಮಾನು ತರುತ್ತೀರಲ್ಲ, ಹಾಗೇ ಎನ್ನುತ್ತಿದ್ದೆ. ನಾನೂ ಹಾಗೆಂದೇ ನಂಬಿದ್ದೆ.

ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಅತ್ತಿಗೆ ಅಂಗಡಿಗೆ ಬಂದಳು. ಅವಳ ತಂಗಿಯ ಮದುವೆ ಗೊತ್ತಾಗಿತ್ತು. ತವರಿನಲ್ಲಿ ತಾಯಿಯೊಬ್ಬಳೇ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಕೈ ಖಾಲಿಯಾಗಿತ್ತು. ಗಂಡಿನ ಕಡೆಯವರಿಗೆ ಕೊಡಬೇಕಾದ ಸಾಮಾನು ಹಾಗೇ ಉಳಿದಿತ್ತು. ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತ ಕೇಳಿದಳು. "ಬಡ್ಡಿ ಇರತ್ತೇನೇ ಇದಕ್ಕೆ?"

"ಕಟ್ತಾ ಹೋದ್ರೆ ಇಲ್ಲ ಅತ್ತಿಗೆ" ಎಂದೆ.

ಫಾರಂ ನಾನೇ ತುಂಬಿದೆ. ಕಾಗದ ಪತ್ರ ಮನೆಗೆ ಬರುವುದು ಬೇಡ ಎಂದು ಅವಳು ಶಾಲೆಯ ವಿಳಾಸವನ್ನೂ ಫೋನ್ ನಂಬರನ್ನೂ ಕೊಟ್ಟಳು. ಎರಡನೇ ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ ಫಾರಂ ವಾಪಸು ಬರುತ್ತದೆಂದು ಮನೆಯ ನಂಬರು ಬರೆದೆ. ಕೊನೆಯ ಪುಟದಲ್ಲಿ ಒಂದು ಸಣ್ಣ ಚೌಕವಿತ್ತು. ಕಾರ್ಡುದಾರರಿಗೆ ಏನಾದರೂ ಆದರೆ ಬಾಕಿಯನ್ನು ಕಟ್ಟುವ ಒಂದು ಇನ್ಶೂರೆನ್ಸ್, ಬೇಕಿದ್ದವರು ಗುರುತು ಹಾಕಬೇಕು. ಒಂದು ಗುರುತಿಗೆ ನಮಗೆ ಇಪ್ಪತ್ತೈದು ರೂಪಾಯಿ ಜಾಸ್ತಿ ಸಿಗುತ್ತಿತ್ತು. ಎಲ್ಲ ಫಾರಂಗೂ ಹಾಕುತ್ತಿದ್ದ ಹಾಗೆ ಅತ್ತಿಗೆಯ ಫಾರಂಗೂ ಹಾಕಿದೆ. ಕೈ ತಾನಾಗಿಯೇ ಹಾಕಿತು. ಅವಳು ನಾನು ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದಳು.

ಕಾರ್ಡು ಬಂತು. ಇಪ್ಪತ್ತು ಸಾವಿರದ ಮಿತಿ. ಅತ್ತಿಗೆ ಒಂದೇ ದಿನ ಗಂಡಿಗೆ ವಾಚು, ಸೂಟಿನ ಬಟ್ಟೆ, ತಂಗಿಗೆ ಎರಡು ಸೀರೆ, ಒಂದು ಸೂಟ್‌ಕೇಸು, ಡಿನ್ನರ್ ಸೆಟ್ಟು, ಹಾಸಿಗೆ ಹೊದಿಕೆ ಎಲ್ಲ ಸೇರಿ ಹದಿನೆಂಟು ಸಾವಿರದ ನಾನೂರು ರೂಪಾಯಿಗೆ ಕೊಂಡಳು. ಮದುವೆಯಲ್ಲಿ ಅವಳ ತಾಯಿ ಕೂಡಿಟ್ಟ ದುಡ್ಡಿನಲ್ಲಿ ತಂದದ್ದು ಎಂದು ಎಲ್ಲರೂ ಅಂದುಕೊಂಡರು. ಅವ್ವ ಕೂಡ, ಪರವಾಗಿಲ್ಲ, ಬೀಗಿತ್ತಿ ಮರ್ಯಾದೆಯಾಗೇ ಮಾಡಿದಳು ಎಂದು ಊರಿಗೆ ಬಂದು ಹೇಳಿದಳು.

ಅಲ್ಲಿಂದ ಮುಂದೆ ಪ್ರತಿ ತಿಂಗಳು ಶಾಲೆಗೆ ಒಂದು ಸ್ಟೇಟ್‌ಮೆಂಟ್ ಬರುತ್ತಿತ್ತು. ಅದರಲ್ಲಿ ಎರಡು ಮೊತ್ತ. ಒಂದು ಒಟ್ಟು ಬಾಕಿ. ಇನ್ನೊಂದು ಕನಿಷ್ಠ ಕಟ್ಟಬೇಕಾದದ್ದು, ಒಂಬೈನೂರ ಚಿಲ್ಲರೆ. ಅತ್ತಿಗೆಗೂ ನನಗೂ ಆ ಎರಡನೆಯದು ಕಂತಿನ ಹಾಗೆ ಕಂಡಿತು. ಇಪ್ಪತ್ತು ತಿಂಗಳು ಕಟ್ಟಿದರೆ ಮುಗಿಯಿತು ಎಂದು ಲೆಕ್ಕ ಹಾಕಿಕೊಂಡೆವು. ಪಾಠದ ದುಡ್ಡನ್ನು ಅವಳು ಕರವಸ್ತ್ರದಲ್ಲಿ ಸುತ್ತಿ ನನಗೆ ಕೊಡುತ್ತಿದ್ದಳು, ನಾನು ಅಂಗಡಿಯ ಕೌಂಟರಿನಲ್ಲಿ ಕಟ್ಟಿ ರಸೀದಿ ತರುತ್ತಿದ್ದೆ. ಐದು ತಿಂಗಳು ಹೀಗೆ ನಡೆಯಿತು. ಮಾರ್ಚಿ ಮುಗಿದು ಪರೀಕ್ಷೆಗಳಾದ ಮೇಲೆ ಬಾಡಿಗೆ ಮನೆಯವರು ಮಕ್ಕಳನ್ನು ಕರೆದುಕೊಂಡು ಅವರವರ ಊರಿಗೆ ಹೋದರು. ಪಾಠ ನಿಂತಿತು. ಎರಡು ತಿಂಗಳದ್ದನ್ನು ಜೂನಿನಲ್ಲಿ ಒಟ್ಟಿಗೆ ಕಟ್ಟಿದರೆ ಆಗುತ್ತದಾ ಎಂದು ಅತ್ತಿಗೆ ಕೇಳಿದಳು. ಪರವಾಗಿಲ್ಲ ಬಿಡು ಎಂದೆ. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ನೀಲಿ ಶರ್ಟು, ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡವಳು ನಾನು. ಗೊತ್ತಿಲ್ಲ ಅನ್ನುವುದಕ್ಕೆ ನನಗೆ ಆಗ ನಾಚಿಕೆ.

ಎರಡನೇ ಫೋನು ಬಂದದ್ದು ಎರಡು ದಿನ ಬಿಟ್ಟು, ಸಂಜೆ ಹೊತ್ತು. ಎಲ್ಲರೂ ಮನೆಯಲ್ಲೇ ಇದ್ದೆವು. ಅಣ್ಣ ಎತ್ತಿದ. ಆ ಕಡೆಯವನು ಮತ್ತೆ ಅತ್ತಿಗೆಯ ಹೆಸರು ಹೇಳಿರಬೇಕು, ಅಣ್ಣ ತಲೆಯೆತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ನಾನು ಅವಳ ಗಂಡ, ನನಗೇ ಹೇಳು ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. ಕೊನೆಗೆ, "ಬಾರಯ್ಯ, ಮನೆಗೇ ಬಾ, ನಾನೂ ನೋಡ್ತೀನಿ" ಎಂದು ಫೋನಿಟ್ಟ. ಮಂಗಳವಾರದೊಳಗೆ ನಿಮ್ಮ ಹೆಂಡತಿ ನಮ್ಮ ಹತ್ತಿರ ಮಾತಾಡದಿದ್ದರೆ ಮನೆ ಹತ್ತಿರ ಬರುತ್ತೇವೆ ಎಂದು ಆ ಕಡೆಯವನು ಅಂದಿದ್ದನಂತೆ. ವಿಷಯ ಮಾತ್ರ ಹೇಳಲಿಲ್ಲ.

ಅಣ್ಣ ಅಡುಗೆಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತ. "ಯಾರೇ ಅವ್ನು?"

ಅತ್ತಿಗೆ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ. ಗೊತ್ತಿಲ್ಲ ಎಂದಳು.

ಅವಳಿಗೆ ಗೊತ್ತಿತ್ತು. ಹಬೆಯ ಆಚೆ ಅವಳ ಮುಖ ನೋಡಿದ ಕೂಡಲೇ ನನಗೂ ಗೊತ್ತಾಯಿತು. ಅಣ್ಣ ಕೂಗಾಡುವ ಸ್ವಭಾವದವನಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೇನೋ. ತಟ್ಟೆಯ ಮುಂದೆ ಕೂತು ದಿನದ ಹಾಗೇ ಉಂಡೆದ್ದ. ಮಾರನೇ ದಿನ ಬೆಳಿಗ್ಗೆ, ಮಲ್ಲೇಶ್ವರದ ನೆಂಟರ ಮನೆಗೆ ಅತ್ತಿಗೆ ಹೋಗಬೇಕಾಗಿದ್ದದ್ದನ್ನು ಬೇಡ ಅಂದ. ಅವ್ವ ಫೋನಿನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂರತೊಡಗಿದಳು. ನೀರಿಗೆ ಹೋಗಬೇಕಾದರೂ ನನ್ನನ್ನೋ ಅಣ್ಣನನ್ನೋ ಅಲ್ಲಿ ಕೂರಿಸಿ ಹೋಗುತ್ತಿದ್ದಳು.

ಕೆಲಸಕ್ಕೆ ಹೊರಡುವ ಮೊದಲು ನಾನು ತಾರಸಿಗೆ ಹೋದೆ. ಅತ್ತಿಗೆ ಅಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಕಾರ್ಡಿನವರಾ ಎಂದೆ. ಹೌದಿರಬೇಕು ಅಂದಳು. ಎರಡು ಕಂತು ತಪ್ಪಿದ್ದಕ್ಕೆ ಮನೆಗೆ ಬರುತ್ತಾರಾ ಎಂದು ನನ್ನನ್ನೇ ಕೇಳಿದಳು. ಅಣ್ಣನಿಗೆ ಹೇಳಿಬಿಡೋಣ, ಅವ್ವ ಬೇರೆ ಏನೇನೋ ಯೋಚಿಸುತ್ತಿದ್ದಾಳೆ ಎಂದೆ.

"ಏನ್ ಯೋಚಿಸ್ತಿದಾರೆ ಅಂತ ನಂಗೊತ್ತು ಕಣೇ. ನನ್ನ ಮೇಲೆ ಏನಾದ್ರೂ ಅಂದ್ಕೊಳ್ಳಲಿ. ಇದು ಗೊತ್ತಾದ್ರೆ ನಮ್ಮಮ್ಮನ ಮಾನ ಹೋಗತ್ತೆ. ಮಗಳ ಮದುವೆಗೆ ಅಳಿಯನ ಮನೆಯಿಂದ ಸಾಲ ಎತ್ತಿಸಿದ್ಲು ಅಂತಾರೆ."

ಅವಳ ಮಾತು ಕೇಳಿ ನನಗೆ ಸಂಕಟವಾಯಿತು. ಜೊತೆಗೆ ಒಂದು ಸಮಾಧಾನವೂ ಆಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅವಳು ಹೇಳದಿದ್ದರೆ ನನ್ನ ಹೆಸರೂ ಹೊರಗೆ ಬರುವುದಿಲ್ಲ.

ಸ್ಟೇಟ್‌ಮೆಂಟ್ ಬಂದಿರಬಹುದೆಂದು ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಹೋದೆ, ಬೀಗ ಹಾಕಿತ್ತು. ಹತ್ತಿರದಲ್ಲೇ ಇದ್ದ ಆಯಾಳ ಮನೆಗೆ ಹೋಗಿ, ಅತ್ತಿಗೆ ಕಳಿಸಿದಳೆಂದು ಹೇಳಿ ಕೀಲಿ ತೆಗೆಸಿದೆ. ಆಫೀಸು ರೂಮಿನ ಬಾಗಿಲ ಸಂದಿಯಲ್ಲಿ ಎರಡು ಕವರು ಬಿದ್ದಿದ್ದವು. ಬಸ್ಸಿನಲ್ಲಿ ನಿಂತುಕೊಂಡೇ ಒಡೆದು ನೋಡಿದೆ. ಒಟ್ಟು ಬಾಕಿ ಹತ್ತೊಂಬತ್ತು ಸಾವಿರದ ಆರುನೂರ ಚಿಲ್ಲರೆ ಎಂದಿತ್ತು. ಕೊಂಡದ್ದು ಹದಿನೆಂಟು ಸಾವಿರದ ನಾನೂರಕ್ಕೆ. ಐದು ತಿಂಗಳಲ್ಲಿ ನಾಲ್ಕೂವರೆ ಸಾವಿರ ನನ್ನ ಕೈಯಾರೆ ಕಟ್ಟಿದ್ದೆ. ಬೇರೆ ಯಾರದೋ ಸ್ಟೇಟ್‌ಮೆಂಟ್ ಬಂದಿದೆ ಎಂದುಕೊಂಡು ಹೆಸರನ್ನು ಎರಡು ಸಲ ಓದಿದೆ.

ಅಂಗಡಿಯ ಕ್ಯಾಷ್ ರೂಮಿನಲ್ಲಿ ಲೆಕ್ಕ ನೋಡುತ್ತಿದ್ದ ಒಬ್ಬ ಮೇಡಂ ಇದ್ದರು. ಐವತ್ತು ದಾಟಿದವರು. ಮೊದಲು ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸಿನಲ್ಲಿದ್ದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು. ಮಧ್ಯಾಹ್ನ ಅವರು ಡಬ್ಬಿ ಬಿಚ್ಚುವ ಹೊತ್ತಿಗೆ ಹೋಗಿ ನಿಂತೆ. ಪರಿಚಯದವರದು ಎಂದೆ. ಅವರು ಡಬ್ಬಿ ಮುಚ್ಚಿಟ್ಟು ಪೆನ್ಸಿಲ್ ತೆಗೆದುಕೊಂಡರು.

"ಇದು ಅಂಗಡಿ ಸಾಲ ಅಲ್ಲಮ್ಮ. ಅಂಗಡಿಗೆ ದುಡ್ಡು ಆಗ್ಲೇ ಬಂದಾಯ್ತು. ಸಾಲ ಕೊಟ್ಟಿರೋದು ಬ್ಯಾಂಕು. ಮುಂದೆ ನಮ್ಮ ಹೆಸರಿದೆ ಅಷ್ಟೇ, ಕಾರ್ಡನ್ನ ಹಿಂದೆ ತಿರುಗಿಸಿ ನೋಡು."

ಆಮೇಲೆ ಒಂದೊಂದೇ ಸಾಲಿನ ಪಕ್ಕದಲ್ಲಿ ಗೀಟು ಹಾಕುತ್ತ ಹೋದರು. ಗಡುವಿನೊಳಗೆ ಪೂರ್ತಿ ಬಾಕಿ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲ. ಒಂದು ರೂಪಾಯಿ ಉಳಿಸಿದರೂ ಕೊಂಡ ದಿನದಿಂದಲೇ ಬಡ್ಡಿ ಎಣಿಕೆ ಶುರು. ತಿಂಗಳಿಗೆ ನೂರಕ್ಕೆ ಮೂರರ ಹತ್ತಿರ, ಆ ಬಡ್ಡಿಯ ಮೇಲೆ ತೆರಿಗೆ. ಕನಿಷ್ಠ ಮೊತ್ತವೆಂದರೆ ಕಂತಲ್ಲ, ಇಷ್ಟು ಕಟ್ಟಿದರೆ ಈ ತಿಂಗಳು ದಂಡ ಹಾಕುವುದಿಲ್ಲ ಎಂದಷ್ಟೇ ಅರ್ಥ. ಅತ್ತಿಗೆ ಕೊಟ್ಟ ಒಂಬೈನೂರರಲ್ಲಿ ಏಳುನೂರು ಬಡ್ಡಿ ಮತ್ತಿತರ ಲೆಕ್ಕಕ್ಕೇ ಹೋಗುತ್ತಿತ್ತು. ಅಸಲಿಗೆ ಸೇರಿದ್ದು ಇನ್ನೂರ ಚಿಲ್ಲರೆ. ಎರಡು ತಿಂಗಳು ತಪ್ಪಿದ್ದಕ್ಕೆ ಎರಡು ದಂಡ, ದಂಡಕ್ಕೂ ತೆರಿಗೆ. ಹೀಗೇ ಕಟ್ಟುತ್ತಿದ್ದರೆ ಯಾವಾಗ ತೀರುತ್ತಿತ್ತು ಎಂದು ಕೇಳಿದೆ. ಅವರು ಲೆಕ್ಕ ಹಾಕಲು ಹೋಗಲಿಲ್ಲ. ವರ್ಷಗಟ್ಟಲೆ ಎಂದರು.

ಪೆನ್ಸಿಲು ಒಂದು ಸಣ್ಣ ಮೊತ್ತದ ಮೇಲೆ ನಿಂತಿತು. ಎಂಬತ್ತು ರೂಪಾಯಿ ಚಿಲ್ಲರೆ, ಪ್ರತಿ ತಿಂಗಳೂ.

"ಇದು ಇನ್ಶೂರೆನ್ಸು. ಕೇಳಿ ಹಾಕಿಸ್ಕೊಂಡ್ರಾ ಇವರು?"

ಅವರು ತಲೆಯೆತ್ತಿ ನನ್ನ ನೀಲಿ ಶರ್ಟನ್ನು, ಆಮೇಲೆ ನನ್ನ ಮುಖವನ್ನು ನೋಡಿದರು. ಮತ್ತೆ ಕೇಳಲಿಲ್ಲ. ಕಾಗದ ಮಡಚಿ ಕೈಗೆ ಕೊಟ್ಟು, ತಾನು ಹಾಕಿಲ್ಲ ಎಂದು ಅವರು ಬರೆದುಕೊಟ್ಟರೆ ಅದನ್ನು ವಾಪಸು ಕೇಳಬಹುದು, ಆದರೆ ಯಾರು ಹಾಕಿದ್ದು ಎನ್ನುವುದನ್ನೂ ಬರೆಯಬೇಕಾಗುತ್ತದೆ ಎಂದರು.

ನನ್ನ ಮೇಜಿಗೆ ವಾಪಸು ಬಂದಾಗ ಒಬ್ಬ ಸೆಕ್ಯುರಿಟಿ ಗಾರ್ಡು, ಹೆಂಡತಿ ಮಗುವಿನ ಜೊತೆ, ಕಾರ್ಡಿನ ಚಿತ್ರ ನೋಡುತ್ತ ನಿಂತಿದ್ದ. ಆ ದಿನ ನಾನು ಒಂದೂ ಫಾರಂ ಮಾಡಲಿಲ್ಲ. ಸಂಜೆ ಟೀಮ್ ಲೀಡರಿಗೆ, ಹೆಸರು ಹೇಳದೆ, ಒಬ್ಬರ ಇನ್ಶೂರೆನ್ಸ್ ತೆಗೆಸಬೇಕು ಎಂದೆ. ಅವನು ನಗುತ್ತ, "ಒಂದು ತೆಗ್ಸಿದ್ರೆ ಎಲ್ಲಾರೂ ಬರ್ತಾರೆ. ಸುಮ್ನಿರು ಗುರು, ನಿಂಗ್ಯಾಕೆ" ಎಂದ. ಹುಡುಗಿಯರನ್ನೂ ಅವನು ಗುರು ಎಂದೇ ಕರೆಯುತ್ತಿದ್ದ.

ಮಂಗಳವಾರದವರೆಗೆ ನಾಲ್ಕು ದಿನ. ಅತ್ತಿಗೆಗೆ ಲೆಕ್ಕವನ್ನೆಲ್ಲ ಹೇಳಿದೆ. ಚೌಕದ ವಿಷಯ ಬಿಟ್ಟು. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಅಷ್ಟೇ. ಕಿವಿಯ ಓಲೆ ಮಾರಿದರೆ ಎಷ್ಟು ಬರುತ್ತದೆ ಎಂದಳು. ಓಲೆ ಕಾಣದಿದ್ದರೆ ಅವ್ವ ಅರ್ಧ ದಿನದಲ್ಲಿ ಕಂಡುಹಿಡಿಯುತ್ತಾಳೆ ಎಂದೆ. ಫೋನು ಎರಡು ಸಲ ಬಂತು. ಅವ್ವ ಎತ್ತಿ, ಮಾತಾಡದೆ ಇಟ್ಟುಬಿಟ್ಟಳು. ಮನೆಯಲ್ಲಿ ಯಾರೂ ಅತ್ತಿಗೆಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಸಾರಿಗೆ ಉಪ್ಪು ಬೇಕಿದ್ದರೂ ಅವ್ವ ನನಗೆ ಹೇಳುತ್ತಿದ್ದಳು. ಭಾನುವಾರ ಅವ್ವ ಅಣ್ಣನಿಗೆ, ಇವಳ ತಾಯಿಯನ್ನು ಕರೆಸು, ಏನಿದ್ದರೂ ಅವರ ಮುಂದೆಯೇ ಇತ್ಯರ್ಥ ಆಗಲಿ ಎಂದದ್ದು ನನ್ನ ಕಿವಿಗೆ ಬಿತ್ತು. ಅತ್ತಿಗೆಯ ಕಿವಿಗೂ ಬಿದ್ದಿರಬೇಕು. ಅವಳು ಒಳಕೋಣೆಯಿಂದ ಆ ದಿನ ಹೊರಗೆ ಬರಲಿಲ್ಲ. ಆಗಲೇ ನಾನು ಹೋಗಿ ಹೇಳಿಬಿಡಬೇಕಿತ್ತು. ಅಣ್ಣ ಕೂತಿದ್ದ ಜಗಲಿಯವರೆಗೆ ಹೋದೆ. ಟ್ಯಾಂಕರಿನ ಲೋಡು ಎಷ್ಟಾಯಿತು ಎಂದು ಕೇಳಿ ವಾಪಸು ಬಂದೆ.

ಮಂಗಳವಾರ ನನಗೆ ವಾರದ ರಜ. ಹನ್ನೊಂದು ಗಂಟೆಯ ಸುಮಾರಿಗೆ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ನಡುವಯಸ್ಸಿನವನು, ಇನ್‌ಸರ್ಟ್ ಮಾಡಿದ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಇನ್ನೊಬ್ಬ ಬೈಕಿನಿಂದ ಇಳಿಯಲೇ ಇಲ್ಲ, ಇಂಜಿನ್ನೂ ಆರಿಸಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದ ಬಾಡಿಗೆ ಮನೆಯವರು ನಲ್ಲಿಯ ಹತ್ತಿರ ಬಕೆಟ್ ಹಿಡಿದು ನಿಂತಿದ್ದರು. ಫೈಲಿನವನು ಅಂಗಳದ ಮಧ್ಯೆ ನಿಂತು ಅತ್ತಿಗೆಯ ಹೆಸರನ್ನು ಜೋರಾಗಿ ಓದಿದ. ನಲ್ಲಿಯ ಹತ್ತಿರದ ಮಾತು ನಿಂತಿತು.

ಅಣ್ಣ ಟ್ಯಾಂಕರಿಗೆ ಪೈಪು ಸುತ್ತುತ್ತಿದ್ದ. ಪೈಪು ಕೆಳಗೆ ಹಾಕಿ ಬಂದ. ಫೈಲಿನವನ ಎದುರಿಗೇ ನಿಂತ.

"ನನ್ನ ಹೆಂಡ್ತಿ ಹತ್ರ ನಿಂಗೇನ್ ಕೆಲಸ?"

"ಅವರನ್ನ ಕರೀರಿ ಸಾರ್. ಅವರಿಗೇ ಗೊತ್ತು."

ಅಣ್ಣ ಅವನ ಕಾಲರಿಗೆ ಕೈ ಹಾಕಿದ. ಬೈಕಿನ ಮೇಲಿದ್ದವನು ಸ್ಟ್ಯಾಂಡ್ ಹಾಕಿದ. ನಾನು ಜಗಲಿಯಿಂದ ಇಳಿದು ಹೇಗೆ ಅವರ ನಡುವೆ ಹೋಗಿ ನಿಂತೆನೋ ಈಗಲೂ ನೆನಪಿಗೆ ಬರುವುದಿಲ್ಲ. ಚಪ್ಪಲಿ ಹಾಕಿರಲಿಲ್ಲ, ಅಂಗಳದ ಜಲ್ಲಿ ಕಾಲಿಗೆ ಚುಚ್ಚಿದ್ದು ಮಾತ್ರ ನೆನಪಿದೆ.

"ಬಿಡೋ ಅಣ್ಣ. ಇವರು ಕಾರ್ಡಿನೋರು. ನಮ್ಮ ಅಂಗಡಿ ಕಾರ್ಡು. ಮಾಡ್ಸಿದ್ದು ನಾನು."

ಅಣ್ಣನಿಗೆ ಅರ್ಥವಾಗಲಿಲ್ಲ. ಕಾಲರ್ ಬಿಟ್ಟು ನನ್ನನ್ನು ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ಮಕ್ಕಳಿಗೆ ಪಾಠ ಹೇಳುವಾಗಿನ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ತಗೊಂಡಿದ್ದು ನಾನು. ನನ್ನ ತಂಗಿ ಮದುವೆ ಸಾಮಾನಿಗೆ. ಸಾಲ ಅಂತ ನಮ್ಮಮ್ಮನಿಗೆ ಗೊತ್ತಿಲ್ಲ. ಇನ್ನೂ ಹತ್ತೊಂಬತ್ತು ಸಾವಿರ ಚಿಲ್ಲರೆ ಕೊಡಬೇಕು."

ಅವ್ವ ಜಗಲಿಯ ಕಂಬ ಹಿಡಿದು ನಿಧಾನಕ್ಕೆ ಕೂತಳು. ಅವಳ ಎದೆಯ ಮೇಲಿನಿಂದ ಏನೋ ಇಳಿದದ್ದು ನನಗೆ ಕಂಡಿತು. "ದುಡ್ಡಾ?" ಎಂದಳು. "ಬರೀ ದುಡ್ಡಿನ ಇಸ್ಯನಾ?" ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದು ವಾರ ತಾನು ಏನನ್ನು ನಂಬಿದ್ದೆ ಎನ್ನುವುದು ಆಗ ಅವಳಿಗೇ ನಾಚಿಕೆ ತಂದಿರಬೇಕು.

ಅಣ್ಣನಿಗೆ ಸಮಾಧಾನವಾಗಲಿಲ್ಲ. ಹೊರಗಿನವರು ನಿಂತಿದ್ದಾರೆ ಎನ್ನುವುದನ್ನೂ ಮರೆತು ಅತ್ತಿಗೆಯನ್ನು ಕೇಳಿದ. "ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ದೆ. ಎರಡು ಸಲ ಕೇಳಿದ್ದೆ. ಟ್ಯಾಂಕರ್‌ಗೆ ಟೈರ್ ಹಾಕಿಸ್ಬೇಕು ಅಂದ್ರಿ."

ಅಣ್ಣ ಟ್ಯಾಂಕರಿನ ಕಡೆ ನೋಡಿದ. ಅವನಿಗೆ ನೆನಪಿತ್ತು. ಆಮೇಲೆ ಫೈಲಿನವನ ಕಡೆ ತಿರುಗಿ, ಒಂದು ವಾರ ಟೈಮ್ ಕೊಡಿ, ನಾವೇ ಆಫೀಸಿಗೆ ಬಂದು ಮಾತಾಡುತ್ತೇವೆ ಎಂದ. ಅವನು ಒಂದು ಕಾಗದಕ್ಕೆ ಅತ್ತಿಗೆಯ ಸಹಿ ತೆಗೆದುಕೊಂಡ. ಹೋಗುವಾಗ ಕಾಲರ್ ಸರಿಮಾಡಿಕೊಳ್ಳುತ್ತ, ನಮ್ಮ ಕೆಲಸಾನೂ ಇದೇ ಅಲ್ವಾ ಅಕ್ಕ, ಏನ್ ಮಾಡೋದು ಎಂದು ಅವ್ವನಿಗೆ ಹೇಳಿದ.

ಅವರು ಹೋದ ಮೇಲೆ ನಾನು ಉಳಿದದ್ದನ್ನೂ ಹೇಳಿದೆ. ಮನೆಯ ನಂಬರು ಬರೆದದ್ದು, ಎರಡು ತಿಂಗಳು ಬಿಟ್ಟರೆ ಪರವಾಗಿಲ್ಲ ಎಂದದ್ದು, ಆ ಚೌಕ, ಅದಕ್ಕೆ ಸಿಗುತ್ತಿದ್ದ ಇಪ್ಪತ್ತೈದು ರೂಪಾಯಿ. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. "ನಂಗೂ ಹಾಕಿದ್ಯಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಆ ಪ್ರಶ್ನೆಯಷ್ಟು ಇನ್ಯಾವುದೂ ನನಗೆ ನೋವು ಕೊಟ್ಟಿಲ್ಲ.

ಅದೇ ವಾರ ನಾವಿಬ್ಬರೂ ಸಿಟಿಯೊಳಗಿದ್ದ ಬ್ಯಾಂಕಿನ ಕಾರ್ಡ್ ಆಫೀಸಿಗೆ ಹೋದೆವು. ಅತ್ತಿಗೆ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಅರ್ಜಿ ಬರೆದಳು. ಕೆಳಗೆ ನಾನು, ಈ ಗುರುತನ್ನು ಗ್ರಾಹಕರನ್ನು ಕೇಳದೆ ನಾನೇ ಹಾಕಿದ್ದೇನೆ ಎಂದು ಬರೆದು, ನನ್ನ ಐಡಿ ನಂಬರು ಹಾಕಿ ಸಹಿ ಮಾಡಿದೆ. ಕೊಡುವ ಮುಂಚೆ ಎರಡು ಸಲ ಓದಿಕೊಂಡೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಸಾಲನ್ನು ಓದಿ ಒಳಗೆ ಹೋದಳು. ಮುಕ್ಕಾಲು ಗಂಟೆ ಕೂತಿದ್ದೆವು. ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ. ಆದರೆ ತಾನು ತಂದಿದ್ದ ಬಾಟಲಿಯಿಂದ ನೀರು ಕುಡಿದು ಅದನ್ನು ನನ್ನ ಕಡೆ ಚಾಚಿದಳು. ಕೊನೆಗೆ ಒಬ್ಬ ಅಧಿಕಾರಿ ಕರೆದು, ಇನ್ಶೂರೆನ್ಸಿನ ದುಡ್ಡಷ್ಟನ್ನೂ ಒಂದು ತಿಂಗಳ ದಂಡವನ್ನೂ ಕಡಿಮೆ ಮಾಡುತ್ತೇವೆ, ಬಡ್ಡಿ ಮಾತ್ರ ಆಗುವುದಿಲ್ಲ, ಉಳಿದದ್ದನ್ನು ಪೂರ್ತಿ ಕಟ್ಟಿದರೆ ಕಾರ್ಡು ಮುಚ್ಚುತ್ತೇವೆ ಎಂದರು. ಸಾವಿರ ರೂಪಾಯಿಯಷ್ಟು ಇಳಿಯಿತು.

ಅಣ್ಣ ತಾನು ಹಾಕುತ್ತಿದ್ದ ಚೀಟಿಯನ್ನು ಕೂಗಿ ಎತ್ತಿ ದುಡ್ಡು ತಂದ. ತಿಂಗಳು ತಿಂಗಳು ತೀರಿಸುತ್ತೇನೆ ಎಂದಳು ಅತ್ತಿಗೆ. ನನಗೇ ಸಾಲ ತೀರಿಸುತ್ತೀಯಾ ಎಂದು ಅಣ್ಣ ನೊಂದುಕೊಂಡ. ಹೂಂ ಎಂದಳು. ಅವ್ವ ನಡುವೆ ಬಾಯಿ ಹಾಕಲಿಲ್ಲ. ಬೀಗಿತ್ತಿಗೆ ಈ ವಿಷಯ ಯಾರೂ ಹೇಳಕೂಡದು ಎಂದು ನಮಗೆಲ್ಲ ಹೇಳಿದವಳು ಅವ್ವನೇ. ಆಮೇಲೆ ಎಷ್ಟೋ ದಿನ ಅವಳು ಅತ್ತಿಗೆಗೆ ತಾನೇ ಕಾಫಿ ಮಾಡಿ ಕೊಡುತ್ತಿದ್ದಳು.

ಏಜೆನ್ಸಿಯವರು ನನ್ನನ್ನು ತಿಂಗಳ ಕೊನೆಯವರೆಗೆ ಇಟ್ಟುಕೊಂಡು, ಒಂದನೇ ತಾರೀಕಿನಿಂದ ಬರುವುದು ಬೇಡ ಎಂದರು. ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಉಳಿದ ಆ ದಿನಗಳಲ್ಲಿ ಮೇಜಿಗೆ ಬಂದವರಿಗೆ ಕ್ಯಾಷ್ ರೂಮಿನ ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕಟ್ಟುವುದಾದರೆ ತೆಗೆದುಕೊಳ್ಳಿ, ಆಗದಿದ್ದರೆ ಬೇಡ ಎಂದೆ. ಕೆಲವರು ಫಾರಂ ಕೆಳಗಿಟ್ಟು ಹೋದರು. ಕೆಲವರು ಅರ್ಧಕ್ಕೇ ತಡೆದು, ಸಾಕು ಮೇಡಂ, ಎಲ್ಲಿ ಸಹಿ ಹಾಕಬೇಕು ಹೇಳಿ ಎಂದರು. ಅದಕ್ಕೆ ಮೊದಲು ಎಂಟು ತಿಂಗಳಲ್ಲಿ ನಾನು ಮಾಡಿಸಿದ್ದ ಫಾರಂಗಳು ಸಾವಿರದ ಮೇಲಿರಬೇಕು. ಅವರ್ಯಾರ ವಿಳಾಸವೂ ನನ್ನ ಹತ್ತಿರ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನನ್ನು ದಿಟ್ಟಿಸಿ ನೋಡಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ. ಎರಡು ತಿಂಗಳು ಮನೆಯಲ್ಲೇ ಇದ್ದೆ. ಆಮೇಲೆ ಆ ಮೇಡಮ್ಮೇ ಹೇಳಿ ಇನ್ನೊಂದು ಅಂಗಡಿಯ ಬಿಲ್ಲಿಂಗಿಗೆ ಸೇರಿಸಿದರು.

ಕಾರ್ಡು ಮುಚ್ಚಿದೆ, ಬಾಕಿ ಏನೂ ಇಲ್ಲ ಎನ್ನುವ ಪತ್ರ ಬರಲು ಮೂರು ತಿಂಗಳು ಹಿಡಿಯಿತು. ಅತ್ತಿಗೆ ಎರಡು ಸಲ ಬರೆದು ಕೇಳಬೇಕಾಯಿತು. ಈ ಸಲ ಮನೆಯ ವಿಳಾಸವನ್ನೇ ಕೊಟ್ಟಿದ್ದಳು. ಪೋಸ್ಟ್‌ಮನ್ ಬಂದಾಗ ಅಣ್ಣನೇ ಸಹಿ ಹಾಕಿ ತೆಗೆದುಕೊಂಡ. ಒಡೆಯದೆ ತಂದು ಅತ್ತಿಗೆಯ ಕೈಗೆ ಕೊಟ್ಟು, ಓದಿ ಹೇಳು ಎಂದು ಎದುರಿಗೆ ಕೂತ. ಅವಳು ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದಳು. ಅವನು ನಡುವೆ ಎರಡು ಕಡೆ ನಿಲ್ಲಿಸಿ, ಅದರ ಅರ್ಥ ಏನು ಎಂದು ಕೇಳಿದ.

ಅಣ್ಣನಿಗೆ ಕೊಡಬೇಕಾದದ್ದನ್ನು ಅತ್ತಿಗೆ ಮುಂದಿನ ವರ್ಷದ ಯುಗಾದಿಯ ಹೊತ್ತಿಗೆ ತೀರಿಸಿದಳು. ಪಾಠದ ದುಡ್ಡೊಂದರಿಂದ ಅಲ್ಲ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಅವಳು ಕಾಡುಗೋಡಿಯ ಬ್ಯಾಂಕಿನಲ್ಲಿ ತನ್ನ ಹೆಸರಿಗೆ ಒಂದು ಖಾತೆ ತೆರೆದಿದ್ದಳು. ಆ ತಿಂಗಳಿಂದ ಸಂಬಳದ ಕವರು ಅಣ್ಣನ ಕೈಗೆ ಬರುವುದು ನಿಂತಿತು. ಮನೆ ಖರ್ಚಿಗೆ ಇಷ್ಟು ಎಂದು ಅವಳೇ ತೆಗೆದು ಕೊಡುತ್ತಿದ್ದಳು. ಅಣ್ಣ ಮೊದಲ ತಿಂಗಳು ಆ ನೋಟುಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. ಏನೋ ಕೇಳುತ್ತಾನೆ ಎಂದುಕೊಂಡೆವು. ಎಣಿಸದೆ ಜೇಬಿಗಿಟ್ಟುಕೊಂಡು ಟ್ಯಾಂಕರಿನ ಕಡೆ ಹೋದ.